ಭಯವನ್ನು ಬರೆಯುವವನ ಹೊಣೆ

ಮೋಹನೀಯ ಕರ್ಮದ ಪ್ರಭೇದಗಳನ್ನು ವಿವರಿಸುವಾಗ ಜೈನಾಚಾರ್ಯರು ಒಂಬತ್ತು ನೋಕಷಾಯಗಳನ್ನು ಹೇಳಿದ್ದಾರೆ. ಹಾಸ್ಯ, ರತಿ, ಅರತಿ, ಶೋಕಗಳೊಡನೆ ಭಯ ಮತ್ತು ಜುಗುಪ್ಸೆಗಳೂ ಅವುಗಳಲ್ಲಿ ಸೇರಿವೆ. ಆತ್ಮನನ್ನು ಕಲುಷಿತಗೊಳಿಸುವ ಈ ಎರಡು ಭಾವಗಳನ್ನೇ ಬಂಡವಾಳ ಮಾಡಿಕೊಂಡು ಕಥೆ ಹೆಣೆಯುವ ಲೇಖಕನ ವೃತ್ತಿ ನಿರ್ದೋಷವಾದುದೇ? ಅವನ ಕೈಯಲ್ಲಿರುವುದು ಕೇವಲ ಲೇಖನಿ. ಅವನ ಕಥೆಯಲ್ಲಿ ಸಾಯುವುದು ಕಾಗದದ ಮೇಲಿನ ಜೀವಗಳು. ಆದರೂ ಪ್ರಶ್ನೆ ಉಳಿಯುತ್ತದೆ.

ಮಾಗಡಿ ಸೀಮೆಯ ಹೆಸರು ಇಂತಹ ಬರವಣಿಗೆಯೊಂದರಲ್ಲಿ ಸೇರಿಹೋಗಿದೆ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ (1910–1974) ವಿಮಾನ ಕಾರ್ಖಾನೆಯ ಉದ್ಯೋಗಿಯಾಗಿದ್ದರು. ದುಡಿಮೆಯ ದಿನಗಳಲ್ಲಿ ಕಾರ್ಖಾನೆ, ಬಿಡುವು ದೊರೆತಾಗ ಕಾಡು, ಕಾಡಿನಿಂದ ಮರಳಿದ ಮೇಲೆ ಬರವಣಿಗೆ, ಇದು ಅವರ ಬದುಕಿನ ಕ್ರಮ. ಅವರ ಮೊದಲ ಪುಸ್ತಕ 1954ರಲ್ಲಿ ಪ್ರಕಟವಾಯಿತು. ಮುಂದೆ ಪೂರ್ಣಚಂದ್ರ ತೇಜಸ್ವಿಯವರು ಈ ಬರಹಗಳನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಅದರ ಒಂದು ಸಂಪುಟದ ಹೆಸರೇ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ನರಭಕ್ಷಕಗಳ ಈ ಕಥೆಗಳಿಗೆ ಭಯವೇ ಉಸಿರು. ಸಂಜೆಯಾಗುತ್ತಲೇ ಅಗುಳಿ ಬೀಳುವ ಮನೆಗಳು, ನಿರ್ಜನವಾದ ಕಾಲುದಾರಿ, ಮರದ ಮೇಲೆ ಉಸಿರು ಬಿಗಿಹಿಡಿದು ಕುಳಿತ ರಾತ್ರಿ, ಇವುಗಳಿಂದ ಓದುಗನ ಎದೆ ನಡುಗುತ್ತದೆ.

ಬೇಟೆಯ ವಿಷಯದಲ್ಲಿ ಶ್ರಾವಕನಿಗೆ ಸಂದೇಹವಿಲ್ಲ, ಅದು ಸಪ್ತವ್ಯಸನಗಳಲ್ಲೊಂದು. ಊರನ್ನು ಕಾಡಿದ ನರಭಕ್ಷಕನನ್ನು ಕೊಂದುದು ವಿರೋಧೀ ಹಿಂಸೆಯೆಂದು ಯಾರಾದರೂ ವಾದಿಸಬಹುದು. ಆದರೆ ಮನೆಯಲ್ಲಿ ಸುಖವಾಗಿ ಕುಳಿತು ಆ ಕೊಲೆಯನ್ನು ಓದಿ ಸವಿಯುವವನಿಗೆ ಅಂತಹ ಯಾವ ಅನಿವಾರ್ಯತೆಯಿದೆ? ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಮೂರನೆಯದು ಅವನ ಪಾಲಿಗೆ ಬರುತ್ತದೆ. ಹಿಂಸೆಯಲ್ಲಿ ಆನಂದಪಡುವುದನ್ನು ಆಚಾರ್ಯರು ರೌದ್ರಧ್ಯಾನವೆಂದರು. ಚಿತ್ತವನ್ನು ಕೆಡಿಸುವ ಕಥೆಗಳನ್ನು ಕೇಳುವುದನ್ನು ದುಃಶ್ರುತಿಯೆಂದು ಅನರ್ಥದಂಡಗಳಲ್ಲಿ ಎಣಿಸಿದರು.

ಹಾಗಾದರೆ ಭೀಕರವಾದುದನ್ನು ಬರೆಯಲೇಬಾರದೇ? ಇಲ್ಲಿ ಜನ್ನನ ನೆನಪಾಗದಿರದು. 1209ರಲ್ಲಿ ಅವನು ರಚಿಸಿದ ಯಶೋಧರ ಚರಿತೆ ತೆರೆಯುವುದೇ ಚಂಡಮಾರಿಯ ಗುಡಿಯ ಘೋರದೃಶ್ಯಕ್ಕೆ. ಬಲಿಗೆಂದು ಹಿಡಿದು ತಂದ ಎಳೆಯರು ಅಭಯರುಚಿ ಮತ್ತು ಅಭಯಮತಿ. ಎದುರಿಗೆ ಖಡ್ಗ ಹಿಡಿದ ಮಾರಿದತ್ತ. ಅಭಯರುಚಿ ಹೇಳುವ ಕಥೆಯಾದರೂ ಎಂತಹುದು? ತಾಯಿಯ ಮಾತಿಗೆ ಕಟ್ಟುಬಿದ್ದ ಯಶೋಧರ ಹಿಟ್ಟಿನ ಹುಂಜವನ್ನು ಕಡಿದಾಗ ಅದು ಜೀವವಿದ್ದಂತೆ ಕೂಗಿತು. ರಕ್ತ ಹರಿಯಲಿಲ್ಲ, ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರದಲ್ಲಿ ತೊಳಲಿದರು.

ಕಾಗದದ ಮೇಲಿನ ಕೊಲೆಯೂ ಒಂದು ಹಿಟ್ಟಿನ ಹುಂಜವೇ ಅಲ್ಲವೇ? ಯಶೋಧರನೂ ಕಲ್ಪಿತ ಜೀವವನ್ನೇ ಕೊಂದ. ಜನ್ನನೂ ಕಲ್ಪನೆಯಲ್ಲಿಯೇ ಆ ಕೊಲೆಯನ್ನು ಚಿತ್ರಿಸಿದ. ಒಬ್ಬನದು ಪಾಪ, ಇನ್ನೊಬ್ಬನದು ಧರ್ಮಕಾವ್ಯ. ವ್ಯತ್ಯಾಸವಿರುವುದು ಸಂಕಲ್ಪದಲ್ಲಿ. ಯಶೋಧರ ತನ್ನ ಭಯವನ್ನು ನೀಗಿಕೊಳ್ಳಲು ಕತ್ತಿಯೆತ್ತಿದ. ಜನ್ನ ಕತ್ತಿಯ ಕೆಳಗಿರುವ ಜೀವದ ಭಯವನ್ನು ತೋರಿಸಿದ. ಆ ಕಥೆ ಕೇಳಿದ ಮಾರಿದತ್ತ ಬಲಿಯನ್ನೇ ತೊರೆದ.

ಭಯದ ಕಥೆಗೆ ಇದೇ ಒರೆಗಲ್ಲು. ಅದು ಓದುಗನಿಗೆ ತನ್ನ ಪ್ರಾಣದ ಭಯವನ್ನು ಮಾತ್ರ ಕೊಟ್ಟು ಬಿಟ್ಟರೆ, ಆ ಭಯ ದ್ವೇಷವಾಗುತ್ತದೆ. ಇತರ ಜೀವದ ಭಯವನ್ನೂ ಕಾಣಿಸಿದರೆ ಕರುಣೆಯಾಗುತ್ತದೆ. ಆಂಡರ್ಸನ್ನರ ಅನೇಕ ಕಥೆಗಳಲ್ಲಿ ಮೃಗ ನರಭಕ್ಷಕವಾದುದಕ್ಕೆ ಕಾರಣ ಹುಡುಕುವ ಪ್ರಯತ್ನವಿದೆ: ಯಾರೋ ಹಾರಿಸಿದ ಗುಂಡಿನ ಹಳೆಯ ಗಾಯ, ಸಹಜ ಬೇಟೆಯನ್ನು ಹಿಡಿಯಲಾರದ ಅಸಹಾಯಕತೆ. ಭಯಂಕರವೆನಿಸಿದ ಪ್ರಾಣಿ ಮೊದಲು ಮನುಷ್ಯನಿಂದ ನೊಂದ ಪ್ರಾಣಿಯಾಗಿತ್ತೆಂದು ತಿಳಿದಾಗ ಓದುಗನ ಮನಸ್ಸು ಕ್ಷಣಕಾಲ ಬಂದೂಕಿನ ಪಕ್ಷವನ್ನು ಬಿಡುತ್ತದೆ. ಬೇಟೆಯ ದೋಷ ಇದರಿಂದ ತೊಳೆದುಹೋಗದು. ಆದರೆ ಲೇಖನಿ ಬಂದೂಕಿಗಿಂತ ಒಂದು ಹೆಜ್ಜೆ ಮುಂದೆ ನಡೆದುದನ್ನು ಒಪ್ಪಬೇಕು.

ಈ ವಿಚಾರ ಪುಸ್ತಕಕ್ಕಷ್ಟೇ ಸೀಮಿತವಲ್ಲ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನ ಹಳ್ಳಿಗಳಲ್ಲಿ ಚಿರತೆಯ ದಾಳಿಗೆ ಒಂದು ಮಗುವೂ ಒಬ್ಬ ವೃದ್ಧೆಯೂ ಬಲಿಯಾದರು. ಕನಕಪುರ, ಚನ್ನಪಟ್ಟಣಗಳ ಕಡೆ ಹೊಲಕ್ಕಿಳಿಯುವ ಆನೆಗಳ ಆತಂಕ ರೈತರನ್ನು ಬಿಟ್ಟಿಲ್ಲ. ಮಗುವನ್ನು ಕಳೆದುಕೊಂಡ ಮನೆಯವರಿಗೆ ಮೃಗದ ಮೇಲೆ ಕರುಣೆ ತೋರಿರೆಂದು ದೂರದಲ್ಲಿ ಕುಳಿತು ಬೋಧಿಸುವುದು ಅಹಿಂಸೆಯಲ್ಲ. ಅವರ ಭಯವನ್ನು ನೀಗುವುದೂ ಅಭಯದಾನವೇ. ಆದರೆ ಆ ದುಃಖವನ್ನು ರಂಜಿಸಿ ಹೇಳುತ್ತ ಹೋದರೆ, ಕಂಡ ಚಿರತೆಯೆಲ್ಲ ರಾಕ್ಷಸನಾಗಿ, ಊರಂಚಿನಲ್ಲಿ ಉರುಳು ವಿಷಗಳು ಸಿದ್ಧವಾಗುತ್ತವೆ. ಜುಗುಪ್ಸೆಯದೂ ಇದೇ ಬಗೆ. ರಣಹದ್ದು ಭಯದ ಕಥೆಗಳಲ್ಲಿ ಸಾವಿನ ಸಂಕೇತ. ಆದರೆ ಅದು ಯಾವ ಪ್ರಾಣಿಯನ್ನೂ ಕೊಲ್ಲದೆ, ಸತ್ತುದನ್ನು ತಿಂದು ನೆಲವನ್ನು ಶುಚಿಯಾಗಿಡುವ ಹಕ್ಕಿ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ಅದಕ್ಕಾಗಿಯೇ ರಕ್ಷಿತಧಾಮವಾಗಿ ಘೋಷಿಸಲಾಯಿತು.

ಭಯವನ್ನು ಬರೆಯುವವನು ದಿನದ ಬರವಣಿಗೆ ಮುಗಿಸಿ ಏಳುವಾಗ, ಈ ಪುಟ ಯಾರ ಮೇಲೆ ಕತ್ತಿಯೆತ್ತಿಸುತ್ತದೆ, ಯಾರ ಕೈಯಿಂದ ಕತ್ತಿ ಬೀಳಿಸುತ್ತದೆ ಎಂದು ಕೇಳಿಕೊಳ್ಳಬೇಕು. ಮಕ್ಕಳ ಕೈಗೆ ಪುಸ್ತಕ ಕೊಡುವ ತಾಯಿತಂದೆಯರೂ, ಬಸದಿಯ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಹಿರಿಯರೂ ಅದನ್ನೇ ಕೇಳಿಕೊಂಡರೆ ಸಾಕು. ಭೀಕರವಾದುದೆಲ್ಲ ತ್ಯಾಜ್ಯವಾಗಿದ್ದರೆ ಜನ್ನನ ಕಾವ್ಯಕ್ಕೆ ಆ ಕಪಾಟಿನಲ್ಲಿ ಸ್ಥಳವಿರುತ್ತಿರಲಿಲ್ಲ.