ಕೆಲವೇ ದಿನಗಳ ನಿಯಮ

ಕೆಲವೇ ವಾರಗಳ ಕಾಲ ಜಾರಿಯಲ್ಲಿರುವ ನಿಯಮವೊಂದು ಮನುಷ್ಯನ ಮನಸ್ಸಾಕ್ಷಿಯನ್ನು ಕಟ್ಟಿಹಾಕಬಲ್ಲುದೇ? ನಿನ್ನೆ ನಿರ್ದೋಷವಾಗಿದ್ದ ಕ್ರಿಯೆ ಇಂದು ನಿಷಿದ್ಧವಾಗಿ, ಬರುವ ತಿಂಗಳು ಮತ್ತೆ ನಿರ್ದೋಷವಾಗುವುದಾದರೆ ಅದರಲ್ಲಿ ತಪ್ಪು ಒಪ್ಪು ಎಂಬುದು ಎಲ್ಲಿದೆ? ಈ ಪ್ರಶ್ನೆಯನ್ನು ಒಂದು ನದಿಯ ದಡದಲ್ಲಿ ನಿಂತು ಕೇಳಿಕೊಳ್ಳೋಣ. ಆ ನದಿ ನಮ್ಮದಲ್ಲ. ಕೆನಡಾದಲ್ಲಿ ಹುಟ್ಟಿ, ಅಮೆರಿಕದ ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳ ನಡುವೆ ಹರಿದು ಶಾಂತಸಾಗರವನ್ನು ಸೇರುವ, ಸುಮಾರು 2,000 ಕಿಲೋಮೀಟರ್ ಉದ್ದದ ಕೊಲಂಬಿಯಾ ನದಿ ಅದು.

ಅಲ್ಲಿನ ಸಾಲ್ಮನ್ ಮೀನು ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ಮರಳುತ್ತದೆ. ಮೊಟ್ಟೆಯಿಟ್ಟ ಬಳಿಕ ಸಾಯುತ್ತದೆ. ಸ್ಟೀಲ್‌ಹೆಡ್ ಎಂಬುದು ಸಮುದ್ರಕ್ಕೆ ಹೋಗಿಬರುವ ರೇನ್‌ಬೋ ಟ್ರೌಟ್ ಮೀನು. ಮೊಟ್ಟೆಯಿಟ್ಟ ಮೇಲೂ ಅದು ಬದುಕಿ ಮತ್ತೊಮ್ಮೆ ಕಡಲಿಗೆ ಮರಳಬಹುದು. ಹೀಗಾಗಿ ನದಿಯಲ್ಲಿ ಗಾಳಕ್ಕೆ ಸಿಕ್ಕುವ ಮೀನುಗಳಲ್ಲಿ ಬಹುಪಾಲು ಇನ್ನೂ ಮೊಟ್ಟೆಯಿಡಲು ಹೊರಟವುಗಳೇ. ಹೊಟ್ಟೆಪಾಡಿಗಾಗಿ ಅಲ್ಲದೆ ಹವ್ಯಾಸಕ್ಕಾಗಿ ಗಾಳ ಹಿಡಿದು ಸಾವಿರಾರು ಜನ ಆ ದಡಗಳಲ್ಲಿ ನಿಲ್ಲುತ್ತಾರೆ. ಹವ್ಯಾಸವೆಂದು ಅದನ್ನು ಹಗುರವಾಗಿ ಕಾಣಬೇಡಿ. ತಂದೆ ಮಗನಿಗೆ ನದಿಯನ್ನು ಓದಲು ಕಲಿಸುವುದು, ವರ್ಷಕ್ಕೊಮ್ಮೆ ಅಣ್ಣತಮ್ಮಂದಿರು ಕೂಡುವುದು ಎಷ್ಟೋ ಮನೆಗಳಲ್ಲಿ ಇದೇ ನೆಪದಿಂದ.

ಇಂಥವರಿಗೆ ಪರವಾನಗಿ ಬೇಕು, ನಿಯಮಗಳ ಪುಸ್ತಿಕೆ ಇರುತ್ತದೆ. ಆದರೆ ಎಷ್ಟು ಮೀನು ಮರಳುತ್ತವೆ ಎಂಬುದು ಅವು ಬಂದಾಗಲೇ ಖಚಿತ. ನದಿಯ ಕೆಳಭಾಗದಲ್ಲಿರುವ ಬಾನ್‌ವಿಲ್ ಅಣೆಕಟ್ಟಿನಲ್ಲಿ ಮೀನುಗಳು ಮೆಟ್ಟಿಲುಮೆಟ್ಟಿಲಾದ ಕಾಲುವೆಯೊಂದನ್ನು ಹತ್ತಿ ಸಾಗುತ್ತವೆ. ಅಲ್ಲಿ ಅವುಗಳನ್ನು ಜಾತಿವಾರು ಎಣಿಸುವ ಕೆಲಸ 1938ರಿಂದ ನಡೆದುಬಂದಿದೆ. ಎಣಿಕೆ ನಿರೀಕ್ಷೆಗಿಂತ ಕಡಿಮೆಯಾದರೆ ಋತುವಿನ ನಡುವೆಯೇ ತಾತ್ಕಾಲಿಕ ಆದೇಶ ಹೊರಡುತ್ತದೆ: ದಿನಕ್ಕೆ ಎರಡರ ಬದಲು ಒಂದೇ ಮೀನು, ರಾತ್ರಿ ಗಾಳ ಹಾಕಕೂಡದು, ಇಂಥ ಸೇತುವೆಯಿಂದ ಮೇಲೆ ನದಿ ಮುಚ್ಚಿದೆ, ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನಷ್ಟೇ ಬಳಸಬೇಕು. ಮೀನು ಹೆಚ್ಚು ಬಂದ ವರ್ಷ ನಿಯಮ ಸಡಿಲವಾಗುವುದೂ ಉಂಟು. ಮರಿ ಉತ್ಪಾದನಾ ಕೇಂದ್ರಗಳಲ್ಲಿ ಬೆಳೆಸಿದ ಮೀನುಗಳ ಬೆನ್ನಿನ ಚಿಕ್ಕ ಈಜುರೆಕ್ಕೆಯನ್ನು ಮೊದಲೇ ಕತ್ತರಿಸಿರುತ್ತಾರೆ. ಸಾಮಾನ್ಯವಾಗಿ ಅಂಥವನ್ನು ಮನೆಗೆ ಒಯ್ಯಬಹುದು. ರೆಕ್ಕೆ ಇರುವ ಕಾಡುಮೀನನ್ನು ನೀರಿಗೇ ಬಿಡಬೇಕು. ಬಿಡಬೇಕಾದ ಮೀನನ್ನು ಛಾಯಾಚಿತ್ರಕ್ಕಾಗಿಯೂ ಪೂರ್ತಿಯಾಗಿ ನೀರಿನಿಂದ ಮೇಲೆತ್ತುವಂತಿಲ್ಲ ಎಂಬುದು ವಾಷಿಂಗ್ಟನ್ ರಾಜ್ಯದ ನಿಯಮ.

2021ರಲ್ಲಿ ಬಾನ್‌ವಿಲ್ ದಾಟಿದ ಸ್ಟೀಲ್‌ಹೆಡ್‌ಗಳ ಸಂಖ್ಯೆ ಎಣಿಕೆ ಆರಂಭವಾದಂದಿನಿಂದ ಅತ್ಯಂತ ಕಡಿಮೆಯಾಗಿತ್ತು. ಬೇಸಿಗೆಯಲ್ಲಿ ನದಿ ಬಿಸಿಯೇರಿದಾಗ ದಣಿದ ಮೀನುಗಳು ತಣ್ಣನೆಯ ಉಪನದಿಗಳು ಬಂದು ಸೇರುವ ತಾಣಗಳಲ್ಲಿ ಗುಂಪಾಗಿ ವಿಶ್ರಮಿಸುತ್ತವೆ. ಅವನ್ನು ಹಿಡಿಯುವುದು ಅಲ್ಲಿ ಅತಿ ಸುಲಭ. ಅಂಥ ಕೆಲವು ತಾಣಗಳಲ್ಲಿ ಬಿಸಿಲಿನ ತಿಂಗಳುಗಳ ಮಟ್ಟಿಗೆ ಗಾಳ ಹಾಕುವುದನ್ನೇ ಆರೆಗಾನ್ ನಿಷೇಧಿಸಿತು. ದಣಿದು ನೆರಳಿಗೆ ಬಂದವನ ಮೇಲೆ ಕೈಮಾಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತಿಗೆ ಇದು ಎಷ್ಟು ಹತ್ತಿರ!

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಒಂದು ಕ್ರಿಯೆಯನ್ನು ತೂಗುವಾಗ ಕ್ರಿಯೆಯ ಸ್ವರೂಪ, ಮಾಡುವವನ ಉದ್ದೇಶ, ಸಂದರ್ಭ ಈ ಮೂರನ್ನೂ ನೋಡಬೇಕೆಂದು ನೀತಿಶಾಸ್ತ್ರದ ಮೊದಲ ಪಾಠದಲ್ಲೇ ಗುರುಮಠಗಳಲ್ಲಿ ಕಲಿಸುತ್ತಾರೆ. ಮೂರನೆಯದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಲಕ್ಷ ಮೀನುಗಳಿರುವಾಗ ಒಂದನ್ನು ಹಿಡಿಯುವುದೂ ನೂರೇ ಉಳಿದಿರುವಾಗ ಒಂದನ್ನು ಹಿಡಿಯುವುದೂ ಕೈಗೆ ಒಂದೇ ಕೆಲಸವಾಗಿ ತೋರಿದರೂ ನಿಜದಲ್ಲಿ ಒಂದೇ ಅಲ್ಲ. ಆದೇಶವು ನಿರ್ದೋಷವಾದುದನ್ನು ಇದ್ದಕ್ಕಿದ್ದಂತೆ ದೋಷವನ್ನಾಗಿ ಮಾಡಲಿಲ್ಲ. ನದಿಯಲ್ಲಿ ಆಗಲೇ ಬದಲಾಗಿದ್ದ ಸಂಗತಿಯನ್ನು ದಡದಲ್ಲಿರುವವನಿಗೆ ತಿಳಿಸಿತು, ಅಷ್ಟೆ. ಸೇತುವೆಯ ಈಚೆಗೆ ತಪ್ಪಲ್ಲದ್ದು ಆಚೆಗೆ ತಪ್ಪು ಹೇಗೆ ಎಂದು ಕೇಳಬಹುದು. ಗೆರೆಯನ್ನು ಎಲ್ಲಾದರೂ ಎಳೆಯಲೇಬೇಕು, ಮತ್ತು ಎಲ್ಲರೂ ಒಂದೇ ಗೆರೆಯನ್ನು ಗೌರವಿಸಿದರೆ ಮಾತ್ರ ಅದರಿಂದ ಪ್ರಯೋಜನ.

ಕಾನೂನು ಎಂದರೆ ಸರ್ವರ ಒಳಿತಿಗಾಗಿ, ಸಮುದಾಯದ ಹೊಣೆ ಹೊತ್ತವರು ವಿವೇಕದಿಂದ ರೂಪಿಸಿ ಪ್ರಕಟಪಡಿಸಿದ ವಿಧಿ ಎಂದು ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ವಿವರಿಸಿದರು. ಜನರ ಪರಿಸ್ಥಿತಿ ಬದಲಾದಾಗ ಮಾನವ ಕಾನೂನೂ ಬದಲಾಗುವುದು ನ್ಯಾಯವೆಂಬುದೂ ಅವರ ಮಾತೇ. ‘ಪ್ರಕಟಪಡಿಸಿದ’ ಎಂಬ ಪದದಲ್ಲಿ ಆಳುವವರ ಮೇಲೆ ಭಾರವಿದೆ. ನಮ್ಮ ಕರಾವಳಿಯ ಕುಟುಂಬಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಚೆನ್ನಾಗಿ ಗೊತ್ತು. ಅದರ ದಿನಾಂಕ ಮೊದಲೇ ತಿಳಿದಿರುವುದರಿಂದ ಬಲೆ ಹೆಣೆಯಲು, ದೋಣಿ ದುರಸ್ತಿ ಮಾಡಲು ಅನುವಾಗುತ್ತದೆ. ಕೊಲಂಬಿಯಾದ ಆದೇಶವಾದರೋ ಶುಕ್ರವಾರ ಹೊರಟು ಶನಿವಾರ ಜಾರಿಗೆ ಬಂದರೂ ಬಂದೀತು. ಆದ್ದರಿಂದಲೇ ಗಾಳ ಹಿಡಿದು ಹೊರಡುವವನು ಪ್ರತಿದಿನ ‘ಇಂದು ಏನು ನಿಯಮ?’ ಎಂದು ವಿಚಾರಿಸಬೇಕು. ಗೊತ್ತಿರಲಿಲ್ಲ ಎನ್ನುವುದು ಅನೇಕ ಸಲ ಅಜ್ಞಾನವಲ್ಲ, ಕೇಳಿಕೊಳ್ಳಲು ಮನಸ್ಸಿಲ್ಲದಿರುವುದು.

ಆದರೆ ಗಾಳಗಾರನ ನಿಜವಾದ ದೂರು ಇದಲ್ಲ. ‘ಮೀನುಗಳನ್ನು ಕಡಿಮೆ ಮಾಡಿದವನು ನಾನೇ?’ ಎಂಬುದು ಅವನ ದೂರು. ಅದರಲ್ಲಿ ಹುರುಳಿದೆ. 1942ರಲ್ಲಿ ಪೂರ್ಣಗೊಂಡ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಮೀನು ಹತ್ತಿಹೋಗುವ ದಾರಿಯನ್ನೇ ಕಟ್ಟಲಿಲ್ಲ; ಅದರ ಮೇಲಿನ ನದಿಗೆ ಸಾಲ್ಮನ್ ಬರುವುದು ನಿಂತುಹೋಯಿತು. 2015ರ ಬೇಸಿಗೆಯಲ್ಲಿ ನೀರು ಬಿಸಿಯಾಗಿ ಸುಮಾರು 2,50,000 ಸಾಕೈ ಸಾಲ್ಮನ್‌ಗಳು ದಾರಿಯಲ್ಲೇ ಸತ್ತವು. ಇಷ್ಟೆಲ್ಲ ನಡೆದಿರುವಾಗ, ಒಂದೇ ಒಂದು ಮೀನಿಗಾಗಿ ಮುಂಜಾನೆ ಚಳಿಯಲ್ಲಿ ನಿಂತವನಿಗೆ ‘ಕೈ ಹಿಂತೆಗೆ’ ಎನ್ನುವುದು ದೊಡ್ಡವರನ್ನು ಬಿಟ್ಟು ಚಿಕ್ಕವನನ್ನು ಹಿಡಿದಂತೆ ಅಲ್ಲವೇ?

ಈ ವಾದವನ್ನು ತುಸು ತಿರುಗಿಸಿ ನೋಡಿ. ಅಣೆಕಟ್ಟುಗಳನ್ನೂ ಬಿಸಿನೀರನ್ನೂ ಸಮುದ್ರದ ಬೇಟೆಗಾರರನ್ನೂ ದಾಟಿ ಗಾಳಗಾರನ ಮುಂದೆ ಬಂದಿರುವ ಮೀನು ಉಳಿದುಬಂದ ಕೆಲವರಲ್ಲಿ ಒಂದು. ಇತರರು ಹೆಚ್ಚು ನಾಶಮಾಡಿದಷ್ಟೂ ಅದರ ಬೆಲೆ ಏರುತ್ತದೆ, ಇಳಿಯುವುದಿಲ್ಲ. ಪರರ ಅಪರಾಧವನ್ನು ತೋರಿಸುವವನು ಅರಿಯದೆಯೇ ತನ್ನ ಸಂಯಮಕ್ಕೆ ಕಾರಣ ಒದಗಿಸುತ್ತಿದ್ದಾನೆ. ಹಾಗೆಂದು ಅವನು ಬಾಯಿ ಮುಚ್ಚಿಕೊಳ್ಳಬೇಕೆಂದು ನಾನು ಹೇಳಲಾರೆ. ನಿಯಮವನ್ನು ಪಾಲಿಸಿದವನ ದೂರಿಗೆ ಹೆಚ್ಚು ತೂಕವಿದೆ. ಗಾಳವನ್ನು ಮಡಿಸಿಟ್ಟು ‘ನಾನು ನಿಂತೆ, ನೀವು ಯಾವಾಗ?’ ಎಂದು ವಿದ್ಯುತ್ ಮಂಡಳಿಯನ್ನೂ ಸರ್ಕಾರವನ್ನೂ ಕೇಳುವ ಅಧಿಕಾರ ಅವನಿಗಿದೆ. ಚಿಕ್ಕವರ ಸಂಯಮವನ್ನು ತೋರಿಸಿ ದೊಡ್ಡವರು ತಮ್ಮ ಕರ್ತವ್ಯವನ್ನು ಮುಂದೂಡುವುದಾದರೆ ಆ ತಾತ್ಕಾಲಿಕ ನಿಯಮ ಅನ್ಯಾಯದ ಮರೆಯಾಗುತ್ತದೆ.

2001ರಲ್ಲಿ ಕೊಲಂಬಿಯಾ ಕೊಳ್ಳದ ಕಥೋಲಿಕ ಧರ್ಮಾಧ್ಯಕ್ಷರು, ಅಮೆರಿಕ ಮತ್ತು ಕೆನಡಾ ಎರಡೂ ಕಡೆಯವರು, ಆ ನದಿಯನ್ನು ಕುರಿತೇ ಒಂದು ಪಾಲನಾ ಪತ್ರ ಹೊರಡಿಸಿದರು. ಮೀನು, ರೈತ, ಆದಿವಾಸಿ, ವಿದ್ಯುತ್ತು ಇವೆಲ್ಲವನ್ನೂ ‘ಸರ್ವರ ಒಳಿತು’ ಎಂಬ ಒಂದೇ ಸೂರಿನಡಿ ತರುವ ಪ್ರಯತ್ನ ಅದರಲ್ಲಿದೆ. ಎಲ್ಲರನ್ನೂ ತೃಪ್ತಿಪಡಿಸುವ ಪತ್ರ ಅದಾಗಿರಲಾರದು. ಒಂದು ನದಿಯನ್ನು ಕುರಿತು ಧರ್ಮಾಧ್ಯಕ್ಷರು ಒಟ್ಟಾಗಿ ಬರೆದರೆಂಬುದೇ ನನಗೆ ಮುಖ್ಯ.

ದೊಡ್ಡವರೂ ಚಿಕ್ಕವರೂ ಕೂಡಿ ತಮ್ಮ ಪಾಲನ್ನು ಸಲ್ಲಿಸಿದ ನದಿ ಉಂಟೇ? ಅದೇ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾದಿಂದ ದೂರ, ಎಲ್ವಾ ಎಂಬ ಚಿಕ್ಕ ನದಿಯೊಂದಿದೆ. ಮೀನಿಗೆ ದಾರಿ ಬಿಡದೆ ಅಣೆಕಟ್ಟು ಕಟ್ಟಕೂಡದೆಂಬ ಕಾನೂನು ಇದ್ದರೂ 1913ರಲ್ಲಿ ಅಲ್ಲಿ ದಾರಿಯಿಲ್ಲದ ಅಣೆಕಟ್ಟು ಎದ್ದಿತು. ಬದಲಿಗೆ ಮೀನುಮರಿ ಕೇಂದ್ರವೊಂದು ಸಾಕೆಂದು ಒಪ್ಪಂದವಾಯಿತು; ಆ ಕೇಂದ್ರವನ್ನು 1922ರಲ್ಲಿ ಮುಚ್ಚಿಬಿಟ್ಟರು. ದೊಡ್ಡವರಿಗಾಗಿ ಬಗ್ಗಿಸಿದ ಆ ನಿಯಮಕ್ಕೆ ಕೊನೆಯ ದಿನಾಂಕವೇ ಇರಲಿಲ್ಲವೆಂಬುದನ್ನು ಗಮನಿಸಿ. 1927ರಲ್ಲಿ ಮೇಲ್ಗಡೆ ಎರಡನೆಯ ಅಣೆಕಟ್ಟೂ ಬಂತು. 2011 ಮತ್ತು 2014ರ ನಡುವೆ ಎರಡನ್ನೂ ಒಡೆದು ತೆಗೆದರು. ಅದರೊಂದಿಗೇ 2011ರಲ್ಲಿ ನದಿಯಲ್ಲಿ ಮೀನು ಹಿಡಿಯುವುದನ್ನೂ ನಿಲ್ಲಿಸಿದರು. ಹವ್ಯಾಸಿಗಳು ಮಾತ್ರವಲ್ಲ, 1855ರ ಒಪ್ಪಂದದಿಂದ ಹಕ್ಕು ಪಡೆದ, ಆ ಹಕ್ಕನ್ನು 1974ರಲ್ಲಿ ನ್ಯಾಯಾಲಯದಲ್ಲೂ ಗೆದ್ದುಕೊಂಡ ಆದಿವಾಸಿಗಳ ಸಾಲಿಗೆ ಸೇರಿದ ಲೋವರ್ ಎಲ್ವಾ ಕ್ಲಾಲಮ್ ಜನರೂ ಕೈ ಹಿಂತೆಗೆದರು. ತಾತ್ಕಾಲಿಕ ನಿಯಮವನ್ನು ಮತ್ತೆ ಮತ್ತೆ ಮುಂದುವರಿಸಲಾಯಿತು. 2023ರ ಅಕ್ಟೋಬರ್‌ನಲ್ಲಿ ಆ ಜನರು ತಮ್ಮ ಆಚರಣೆಗೂ ಊಟಕ್ಕೂ ಬೇಕಾದಷ್ಟು ಕೋಹೋ ಸಾಲ್ಮನ್‌ಗಳನ್ನು ಮಿತಿಯೊಳಗೆ ಹಿಡಿದರು. ನಿಷೇಧ ಆರಂಭವಾದ ವರ್ಷ ಹುಟ್ಟಿದ ಮಕ್ಕಳಿಗೆ ಆಗ ಹನ್ನೆರಡು ತುಂಬಿತ್ತು. ಹವ್ಯಾಸಿ ಗಾಳಗಾರರಿಗೆ ಆ ವರ್ಷವೂ ನದಿ ತೆರೆಯಲಿಲ್ಲ.