ಕೈರುಚಿಗೆ ಒಡೆಯರು ಯಾರು?

ವಕೀಲಿ ಎಂದರೆ ಜಮೀನಿನ ಗಡಿ, ಗಂಡ-ಹೆಂಡಿರ ಜಗಳ ಎಂದುಕೊಂಡಿರುವ ನೆಂಟರಿಗೆ ನನ್ನ ಕೆಲಸ ತಿಳಿಹೇಳುವುದು ಕಷ್ಟ. ಹೆಸರಿಗೆ, ಬರಹಕ್ಕೆ, ಹೊಸ ಯಂತ್ರದ ಹಿಂದಿನ ಯುಕ್ತಿಗೆ ಬೇಲಿ ಹಾಕಿಕೊಡುವವಳು ನಾನು. ಕಣ್ಣಿಗೆ ಕಾಣದ ಆಸ್ತಿಯ ಸರ್ವೆ ಎನ್ನಿ. ಸ್ವಂತ ಕಛೇರಿ, ಒಬ್ಬ ಗುಮಾಸ್ತ, ಬಂದವರೇ ಕಕ್ಷಿದಾರರು.

ಈ ಬೇಲಿ ನ್ಯಾಯವೇ ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಕಾಡುವುದು ಎದುರಿಗೆ ಹೆಂಗಸರು ಬಂದು ಕೂತಾಗ.

ಒಮ್ಮೆ ಸಾರಿನ ಪುಡಿ ಮಾರುವ ಒಬ್ಬಾಕೆ ಬಂದರು. (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.) ಪೊಟ್ಟಣದ ಮೇಲೆ ತೀರಿಹೋದ ಅತ್ತೆಯ ಹೆಸರು. ಹನ್ನೆರಡು ವರ್ಷದ ದುಡಿಮೆ. ಈಗ ಓರಗಿತ್ತಿಯೂ ಅದೇ ಹೆಸರಿನಲ್ಲಿ, ಅದೇ ಹಳದಿ ಪೊಟ್ಟಣದಲ್ಲಿ ಮಾರಲು ಶುರುಮಾಡಿದ್ದಾಳೆ. "ನೋಟಿಸ್ ಕೊಡಿ" ಎಂದರು.

ಕಾನೂನಿನ ಮಟ್ಟಿಗೆ ತೊಡಕಿರಲಿಲ್ಲ. ಮನೆಮಂದಿಗೆಲ್ಲ ಗೊತ್ತಿರುವ ಪುಡಿಗೆ ಪೇಟೆಂಟ್ ಸಿಗದು. ಹೆಸರಿನ ಮಾತು ಬೇರೆ. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ ಮೊದಲಿನಿಂದ ಬಳಸಿಕೊಂಡು ಬಂದವರ ಹಕ್ಕನ್ನು ಕಾಯುತ್ತದೆ. ಹನ್ನೆರಡು ವರ್ಷದ ಬಿಲ್ಲುಗಳೂ ಆಕೆಯ ಚೀಲದಲ್ಲಿದ್ದವು.

ಆದರೂ ನನ್ನ ಪೆನ್ನು ತಡೆಯಿತು. ಅತ್ತೆ ಪುಡಿ ಮಾಡುವುದನ್ನು ಕಲಿಸಿದ್ದು ಇಬ್ಬರು ಸೊಸೆಯರಿಗೂ. ಅತ್ತೆಗೆ ಕಲಿಸಿದ್ದು ಅವರ ತಾಯಿ. ಆ ಸರಪಳಿಯಲ್ಲಿ ಯಾರೂ ಹಣ ಕೇಳಲಿಲ್ಲ. ಮೊದಲು ಪೊಟ್ಟಣ ಕಟ್ಟಿದವಳಿಗೆ ಎಲ್ಲವೂ ಸೇರಬೇಕೆ? ಹಾಗೆಂದು ಬಿಸಿಲಲ್ಲಿ ಅಂಗಡಿ ಅಂಗಡಿ ಅಲೆದು ಆ ಹೆಸರಿಗೆ ನಂಬಿಕೆ ಗಳಿಸಿದವಳ ಬೆವರು ಬಿಟ್ಟಿಯೆ? ಹೆಂಗಸಿನ ದುಡಿಮೆಯನ್ನು ಮನೆಯ ಪ್ರೀತಿ ಎಂದು ಕರೆದು ಬೆಲೆ ಕಟ್ಟದೆ ಬಿಡುವುದು ನಮ್ಮಲ್ಲಿ ಹಳೆಯ ಚಾಳಿ. ಅದಕ್ಕೆ ನಾನು ದನಿಗೂಡಿಸಲಾರೆ.

ಅರಿಶಿನದ ಕಥೆ ನಿಮಗೆ ನೆನಪಿರಬಹುದು. ಗಾಯ ಮಾಯಲು ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಇಬ್ಬರು ಸಂಶೋಧಕರ ಕೆಲಸದ ಮೇಲೆ ಪೇಟೆಂಟ್ ಸಿಕ್ಕಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ತಕರಾರು ಹೂಡಿತು. 1997ರಲ್ಲಿ ಅದು ರದ್ದಾಯಿತು. ನಾವೆಲ್ಲ ಹಿಗ್ಗಿದೆವು. ಆದರೆ ಸಾಕ್ಷಿಗೆ ಬಂದದ್ದು ಏನು? ಹಳೆಯ ಸಂಸ್ಕೃತ ಗ್ರಂಥ, 1953ರಲ್ಲಿ ಭಾರತೀಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾದ ಲೇಖನ, ಇಂಥವು. ಅಂದಿನ ಅಮೆರಿಕದ ಕಾನೂನಿನಲ್ಲಿ ಪರದೇಶದ ಬಳಕೆ ಅಚ್ಚಿನಲ್ಲಿರದಿದ್ದರೆ ಲೆಕ್ಕಕ್ಕಿಲ್ಲ. ಮಗುವಿನ ಮಂಡಿಗೆ ಅರಿಶಿನ ಮೆತ್ತಿದ ಅಜ್ಜಿಯರು ಏನನ್ನೂ ಅಚ್ಚು ಹಾಕಿಸಿರಲಿಲ್ಲವಲ್ಲ!

ಈಗ ಇಳಕಲ್ ಸೀರೆಗೆ, ಉಡುಪಿಯ ಮಟ್ಟುಗುಳ್ಳಕ್ಕೆ ಭೌಗೋಳಿಕ ಗುರುತಿನ ನೋಂದಣಿ ಇದೆ. ಹೆಸರು ಆ ಸೀಮೆಯ ಕಸುಬುದಾರರಿಗೆಲ್ಲ ಸೇರಿದ್ದು. ನನಗೆ ಇದು ಹಿಡಿಸುತ್ತದೆ. ಆದರೆ ಒಂದು ಮನೆಯ ಒಲೆಗೆ ಅಂಥ ಏರ್ಪಾಡಿಲ್ಲ.

ಕಡೆಗೆ ನೋಟಿಸ್ ಬರೆದೆ. ಹೆಸರು ಬಿಡಬೇಕು, ಹಳದಿ ಪೊಟ್ಟಣ ಬಿಡಬೇಕು, ಅಷ್ಟೆ.

"ಪುಡಿಯ ಮಾತೇ ಇಲ್ಲವಲ್ಲ?" ಎಂದರು ಆಕೆ.

"ಅದು ನಿಮ್ಮೊಬ್ಬರದಲ್ಲ ತಾಯಿ" ಎಂದೆ. ಮುಖ ಸಪ್ಪಗಾಯಿತು, ಆದರೂ ಒಪ್ಪಿದರು.

ಓರಗಿತ್ತಿ ಈಗ ಹಸಿರು ಪೊಟ್ಟಣದಲ್ಲಿ, ತನ್ನದೇ ಹೆಸರಿನಲ್ಲಿ ಮಾರುತ್ತಾಳೆ. ಗೌರಿ ಹಬ್ಬಕ್ಕೆ ಇಬ್ಬರೂ ಒಂದೇ ಮನೆಯಲ್ಲಿ ಸೇರುತ್ತಾರಂತೆ. ಅಂದಿನ ಸಾರು ಯಾವ ಪೊಟ್ಟಣದ್ದು ಎಂದು ನಾನು ಕೇಳಲಿಲ್ಲ.