ಪರಿಹಾರವು ದಾನವೋ, ಋಣವೋ?

೨೦೨೨ರ ಮಳೆಗಾಲದಲ್ಲಿ ಪಾಕಿಸ್ತಾನದ ಸಿಂಧೂ ಬಯಲು ಕಡಲಿನಂತಾಯಿತು. ೧೭೦೦ಕ್ಕೂ ಮಿಕ್ಕು ಜನರು ಮಡಿದರು. ಮೂರು ಕೋಟಿಗೂ ಹೆಚ್ಚು ಜನರು ಸಂಕಟಕ್ಕೀಡಾದರು. ಇದು ಕೇವಲ ವಿಧಿಯೆ? ಗಾಳಿಯ ಉಷ್ಣತೆಯು ಒಂದು ಡಿಗ್ರಿ ಏರಿದರೆ ಅದು ಶೇಕಡಾ ೭ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲುದು. ಆ ಹೊರೆಯೇ ಅತಿವೃಷ್ಟಿಯಾಗಿ ಸುರಿಯುವುದು. ಗಾಳಿಯನ್ನು ಕಾಯಿಸುವ ಅನಿಲಗಳಲ್ಲಿ ಆ ದೇಶದ ಪಾಲು ಶೇಕಡಾ ಒಂದಕ್ಕಿಂತಲೂ ಕಡಮೆ. ಕಲ್ಲಿದ್ದಲನ್ನುರಿಸಿ ಸುಖಿಸಿದವರು ಒಬ್ಬರು. ಮನೆಮಾರುಗಳನ್ನು ಕಳೆದುಕೊಂಡವರು ಮತ್ತೊಬ್ಬರು.

ಅದೇ ವರ್ಷದ ನವೆಂಬರಿನಲ್ಲಿ ಈಜಿಪ್ತಿನಲ್ಲಿ ಕೂಡಿದ ರಾಷ್ಟ್ರಗಳು ಇಂತಹ ನಷ್ಟವನ್ನು ತುಂಬಲು ನಿಧಿಯೊಂದನ್ನು ಸ್ಥಾಪಿಸಲೊಪ್ಪಿದವು. ಆದರೆ ಅದನ್ನು ದಾನವೆಂದು ಬಗೆದರೆ ‘ನಾನು ಕೊಟ್ಟೆ’ನೆಂಬ ಹಮ್ಮು ಬೆಳೆಯುವುದು; ಋಣವೆಂದರಿತರೆ ಮಾತ್ರ ನ್ಯಾಯವು ನೆಲೆಗೊಳ್ಳುವುದು. ತನ್ನ ದನವು ಮೇದ ನೆರೆಹೊಲದ ಪೈರಿಗೆ ಬೆಲೆ ತೆತ್ತವನು ದಾನಿಯೆನಿಸುವನೆ?